ಬಿರುದುಗಳ ಸತ್ಯಾಸತ್ಯ

ಕಳೆದ ಚೈತ್ರದಲ್ಲಿ ಹೊಸನಗರದ ಕಡೆಯಿಂದ ನನಗೊಂದು ಕಾಗದ ಬಂದಿತು. ಬರೆದವರು ಹಳೆಯ ಪರಿಚಿತರು. ಎಂಬತ್ತರ ಹತ್ತಿರದ ಕೃಷಿಕರು. ಕಾಗದದ ಸಾರಾಂಶವಿಷ್ಟು: “ನಮ್ಮ ಅಜ್ಜಯ್ಯನ ಜರ್ಮನ್ ಪದಕವನ್ನು ಕೊಳ್ಳುವವರೊಬ್ಬರು ಬಂದಿದ್ದಾರೆ. ಮೊಮ್ಮಗನ ಓದಿಗೆ ಹಣ ಬೇಕಾಗಿದೆ. ಪದಕ ಅಸಲಿ ಎಂದು ತಾವು ಎರಡು ಸಾಲು ಬರೆದುಕೊಟ್ಟರೆ ಒಳ್ಳೆಯ ಬೆಲೆ ಬರುವುದಂತೆ. ತಾವು ಹಿಂದೆ ಬರೆದ ಲೇಖನವೂ ನಮ್ಮಲ್ಲಿದೆ.”

ಕೊನೆಯ ವಾಕ್ಯವನ್ನು ಓದಿದಾಗ ನನಗೆ ತುಸು ಅಳುಕಾಯಿತು. ಹೌದು, ಸುಮಾರು ನಲವತ್ತು ವರ್ಷಗಳ ಹಿಂದೆ, ನಾನಿನ್ನೂ ಹೊಸ ಮೇಷ್ಟ್ರಾಗಿದ್ದಾಗ, ಒಂದು ಶಾಲೆಯ ಸ್ಮರಣ ಸಂಚಿಕೆಗೆ ಆ ಪದಕದ ಕಥೆಯನ್ನು ಬರೆದಿದ್ದೆ. ಅಜ್ಜಯ್ಯ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯಲ್ಲಿದ್ದು, ಹೈಫಾ ಕಾಳಗದಲ್ಲಿ ಒಬ್ಬ ಜರ್ಮನ್ ಸರದಾರನನ್ನು ಕೆಡವಿ, ಅವನ ಎದೆಯ ಮೇಲಿದ್ದ ಶಿಲುಬೆಯಾಕಾರದ ಪದಕವನ್ನು ಕಿತ್ತು ತಂದನೆಂಬುದು ಆ ಕಥೆ. ಮನೆಯವರು ಹೇಳಿದ್ದನ್ನು ನಾನು ಬರೆದೆ. ಪದಕ ದೇವರ ಗೂಡಿನಲ್ಲಿತ್ತು; ಕುಂಕುಮ ಹಚ್ಚಿದ್ದರು. ದೂರದಿಂದಲೇ ಕೈಮುಗಿದು ಬಂದಿದ್ದೆ. ಕೈಗೆ ತೆಗೆದುಕೊಂಡು ನೋಡಬೇಕೆಂಬ ಬುದ್ಧಿ ಆಗ ಬರಲಿಲ್ಲ.

ಸಾಗರದಿಂದ ಬಸ್ಸು ಹತ್ತಿ ಹೊರಟೆ. ಚೀಲದಲ್ಲಿ ಒಂದು ಭೂತಗನ್ನಡಿ, ಒಂದು ಅಯಸ್ಕಾಂತದ ತುಂಡು, ಅಕ್ಕಸಾಲಿಗರೊಬ್ಬರಿಂದ ಕೇಳಿ ತಂದ ಅಳತೆಯ ಕೈವಾರ. ಇಷ್ಟೇ ನನ್ನ ಆಯುಧಗಳು.

ಕಥೆಯನ್ನು ಅಸಂಭವವೆಂದು ತಳ್ಳಿಹಾಕುವಂತಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮ ಮೈಸೂರಿನ ಕುದುರೆ ಸವಾರರು ಇದ್ದದ್ದು ನಿಜ. ಜೋಧಪುರದ ಸವಾರರು ಊರಿನೊಳಕ್ಕೆ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ತೋಪುಗಳ ಮೇಲೆ ಬಿದ್ದರು. ಭರ್ಜಿ ಹಿಡಿದವರು ಮೆಷಿನ್ ಗನ್ನುಗಳಿಗೆ ಎದುರಾಗಿ ಹೋದ ಕಾಳಗವದು. ಸೆರೆ ಸಿಕ್ಕವರಲ್ಲಿ ಹೆಚ್ಚಿನವರು ತುರ್ಕರಾದರೂ ಜರ್ಮನ್ ಅಧಿಕಾರಿಗಳೂ ಇದ್ದರು. ಬೆಂಗಳೂರಿನ ಜೆ. ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂವರು ಯೋಧರ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆದುದರಿಂದ ಜರ್ಮನ್ ಪದಕವೊಂದು ಮಲೆನಾಡಿನ ಮನೆಗೆ ಬಂದಿರಲಾರದೆಂದು ಹೇಳುವಂತಿಲ್ಲ. ಆದರೆ ಬಂದಿರಬಹುದು ಎಂಬುದಕ್ಕೂ ಬಂದಿದೆ ಎಂಬುದಕ್ಕೂ ನಡುವೆ ಒಂದು ಹೊಳೆಯಷ್ಟು ಅಂತರವುಂಟು.

ಮನೆ ತಲಪಿದಾಗ ಮಧ್ಯಾಹ್ನವಾಗಿತ್ತು. ಯಜಮಾನರು ಜಗಲಿಯಲ್ಲೇ ಕಾಯುತ್ತಿದ್ದರು. “ಬನ್ನಿ ಮೇಷ್ಟ್ರೆ, ಬಿಸಿಲಲ್ಲಿ ಬಂದ್ರಿ,” ಎಂದು ಬೆಲ್ಲ ನೀರು ತರಿಸಿದರು. ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲಿ, ಗಾಜು ಹಾಕಿಸಿದ ಒಂದು ಹಾಳೆ ತೂಗುತ್ತಿತ್ತು. ನೋಡಿದರೆ ನನ್ನ ಲೇಖನ! “ಕೊಳ್ಳುವವರಿಗೆ ಇದನ್ನೇ ತೋರಿಸಿದ್ದು. ಇಷ್ಟು ಓದಿದವರು ಬರೆದ ಮೇಲೆ ಇನ್ನೇನು ಸಾಕ್ಷಿ ಬೇಕು ಅಂದರು,” ಎಂದರು ಯಜಮಾನರು. ಅವರ ಮನೆಮಾತನ್ನು ನಂಬಿ ನಾನು ಬರೆದೆ. ನನ್ನ ಬರಹವನ್ನು ನಂಬಿ ಅವರು ಅದನ್ನು ಗೋಡೆಗೆ ಹಾಕಿದರು. ಒಬ್ಬರ ಭುಜ ಒಬ್ಬರು ಹಿಡಿದು ನಿಂತ ಕುರುಡರಂತೆ ನಮ್ಮ ಸ್ಥಿತಿ.

ಪದಕ ಕೈಗೆ ಬಂದಿತು. ಕುಂಕುಮ ಗಟ್ಟಿಯಾಗಿ ಅಂಟಿತ್ತು. ಮೆದು ಬಟ್ಟೆಯಿಂದ ಒರೆಸಿದೆ. ನಡುವೆ ಒಂದು ಸ್ವಸ್ತಿಕ. ಕೆಳಗಿನ ಬಾಹುವಿನಲ್ಲಿ ನಾಲ್ಕು ಅಂಕಿಗಳು: 1939.

ಇಲ್ಲಿ ಈ ಪದಕದ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಜರ್ಮನರ ಕಬ್ಬಿಣದ ಶಿಲುಬೆ ಹುಟ್ಟಿದ್ದು 1813ರಲ್ಲಿ. ನೆಪೋಲಿಯನ್ನನ ವಿರುದ್ಧ ಯುದ್ಧ ಹೂಡಿದ್ದ ಪ್ರಷ್ಯದ ಬೊಕ್ಕಸ ಬರಿದಾಗಿತ್ತು. ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ ಚಿನ್ನದ ಬದಲು ಕಬ್ಬಿಣವನ್ನೇ ಗೌರವದ ಲೋಹವನ್ನಾಗಿ ಮಾಡಿದ. ಶಿಂಕೆಲ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಅದರ ರೂಪವನ್ನು ತಿದ್ದಿಕೊಟ್ಟ. ಜನರು ಒಡವೆಗಳನ್ನು ಯುದ್ಧನಿಧಿಗೆ ಕೊಟ್ಟು ಕಬ್ಬಿಣದ ಆಭರಣ ತೊಟ್ಟ ಕಾಲವದು. ಅಲ್ಲಿಯ ತನಕ ಇಂಥ ಗೌರವಗಳು ಹೆಚ್ಚಾಗಿ ದೊಡ್ಡವರ ಎದೆಗೆ ಮೀಸಲು. ಈ ಶಿಲುಬೆ ಸಾಮಾನ್ಯ ಸಿಪಾಯಿಗೂ ಸಲ್ಲುವಂಥದಾಗಿತ್ತು. ಮುಂದೆ 1870ರಲ್ಲಿ, 1914ರಲ್ಲಿ, 1939ರಲ್ಲಿ ಅದನ್ನು ಹೊಸದಾಗಿ ಹೊರಡಿಸಿದರು. ಪ್ರತಿಸಲವೂ ಆ ವರ್ಷವನ್ನೇ ಕೆಳಬಾಹುವಿನಲ್ಲಿ ಕೊರೆದರು. ಮೊದಲ ಮಹಾಯುದ್ಧದಲ್ಲಿ ಅದರ ಎರಡನೆಯ ದರ್ಜೆಯನ್ನು ಸುಮಾರು ಐವತ್ತು ಲಕ್ಷ ಮಂದಿಗೆ ಹಂಚಿದರು. ಹಂಚಿಕೆ ಹೆಚ್ಚಿದಂತೆ ಮರ್ಯಾದೆ ಇಳಿಯಿತೆಂಬುದು ಬೇರೆ ಮಾತು.

1914ರ ಶಿಲುಬೆಯಲ್ಲಿ ಮೇಲೆ ಕಿರೀಟ, ನಡುವೆ ಕೈಸರನ ಹೆಸರಿನ ಮೊದಲ ಅಕ್ಷರ, ಕೆಳಗೆ ವರ್ಷ ಇರಬೇಕು. ಹಿಂಬದಿಯಲ್ಲಿ ಓಕ್ ಮರದ ಎಲೆಗಳು ಮತ್ತು 1813. ಸ್ವಸ್ತಿಕ ಅಲ್ಲಿ ಇರತಕ್ಕದ್ದಲ್ಲ. ಹಿಟ್ಲರನ ಪಕ್ಷ ಅದನ್ನು ತನ್ನ ಲಾಂಛನವನ್ನಾಗಿ ಮಾಡಿಕೊಂಡಿದ್ದೇ 1920ರಲ್ಲಿ. ಅದು ಶಿಲುಬೆಯ ಮೇಲೆ ಏರಿದ್ದು 1939ರಲ್ಲಿ. ಮುಂದೆ 1957ರಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರ ಕಾನೂನು ಮಾಡಿ, ಆ ಗುರುತಿಲ್ಲದ ಪದಕವನ್ನಷ್ಟೇ ಧರಿಸಬಹುದೆಂದು ಕಟ್ಟಪ್ಪಣೆ ವಿಧಿಸಿತು. ಅಂದಮೇಲೆ 1918ರಲ್ಲಿ ಕಿತ್ತು ತಂದ ಪದಕದ ಮೇಲೆ 1939 ಎಂದಿರುವುದು ಹೇಗೆ? ಮನೆಯವರು ಸ್ವಸ್ತಿಕವನ್ನು ನಮ್ಮ ಮಂಗಳಚಿಹ್ನೆ ಎಂದು ತಿಳಿದು ಕುಂಕುಮ ಹಚ್ಚುತ್ತ ಬಂದಿದ್ದರು. ಆ ಕುಂಕುಮವೇ ಅಂಕಿಗಳನ್ನು ಮುಚ್ಚಿತ್ತು.

ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೂ ಪರೀಕ್ಷೆಯನ್ನು ಪೂರ್ತಿ ಮಾಡಿದೆ. ಅಸಲಿ ಶಿಲುಬೆಯನ್ನು ಸಾಮಾನ್ಯವಾಗಿ ಮೂರು ಭಾಗಗಳಲ್ಲಿ ಕಟ್ಟುತ್ತಿದ್ದರು: ನಡುವೆ ಕಪ್ಪು ಬಣ್ಣದ ಕಬ್ಬಿಣದ ಹಲಗೆ, ಅದನ್ನು ಎರಡು ಕಡೆಯಿಂದಲೂ ಅಪ್ಪಿ ಹಿಡಿದ ಬೆಳ್ಳಿಯ ಚೌಕಟ್ಟುಗಳು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಗೆರೆ ಕಾಣಬೇಕು. ಅಯಸ್ಕಾಂತ ಹಿಡಿದರೆ ನಡುಭಾಗ ಅಂಟಬೇಕು. ಕಬ್ಬಿಣವಲ್ಲದ ನಡುಭಾಗದ ಅಸಲಿಗಳೂ ಕೆಲವು ಇರುವುದರಿಂದ ಅಯಸ್ಕಾಂತವೊಂದನ್ನೇ ನಂಬಬಾರದು. ಎಲ್ಲ ಸಾಕ್ಷಿಗಳೂ ಒಂದೇ ಮಾತು ಹೇಳಬೇಕು. ಇಲ್ಲಿ ಹೇಳಿದವು. ಅಯಸ್ಕಾಂತ ಅಂಟಲಿಲ್ಲ. ಬೆಸುಗೆಯ ಗೆರೆ ಇರಲಿಲ್ಲ. ಅಚ್ಚಿಗೆ ಹಗುರ ಲೋಹ ಎರೆದು ಒಂದೇ ತುಂಡಾಗಿ ತೆಗೆದದ್ದು. ಅಂಕಿಗಳ ಮೂಲೆಗಳು ಮೊಂಡಾಗಿದ್ದವು. ಎರಕದ ಗುಳ್ಳೆಗಳು ಸಣ್ಣ ಸಣ್ಣ ತೂತುಗಳಾಗಿ ಕಂಡವು. ಇಕ್ಕೇರಿ ವರಾಹದ ಖೋಟಾ ನಾಣ್ಯಗಳನ್ನು ಹಿಡಿಯುವುದೂ ಹೀಗೆಯೇ. ಟಂಕಸಾಲೆಯಲ್ಲಿ ಅಚ್ಚೊತ್ತಿದ ನಾಣ್ಯದ ಗೆರೆ ಚೂಪಾಗಿರುತ್ತದೆ. ಎರಕದ ನಾಣ್ಯದ ಶಿವಪಾರ್ವತಿಯರು ಮಳೆಯಲ್ಲಿ ನೆನೆದ ಮಣ್ಣಿನ ಗೊಂಬೆಗಳಂತೆ ಕರಗಿರುತ್ತಾರೆ. ಕೊನೆಗೆ ಈ ಶಿಲುಬೆ 1918ರದ್ದೂ ಅಲ್ಲ, 1939ರದ್ದೂ ಅಲ್ಲ.

ಯಜಮಾನರ ಮುಖ ನೋಡಲಾರದೆ, “ಪೆಟ್ಟಿಗೆಯಲ್ಲಿ ಬೇರೇನಾದರೂ ಇದೆಯೇ?” ಎಂದೆ. “ಒಂದು ಬಿಲ್ಲೆ ಉಂಟು. ಸರ್ಕಾರ ಎಲ್ಲರಿಗೂ ಹಂಚಿದ್ದಂತೆ. ಕೊಳ್ಳುವವರು ಅದನ್ನು ಬೆಳ್ಳಿಯ ತೂಕಕ್ಕೆ, ಕೊಸರಿಗೆ ಕೊಡಿ ಅಂದಿದ್ದಾರೆ,” ಎಂದು ಬಟ್ಟೆಯ ಗಂಟೊಂದನ್ನು ಬಿಚ್ಚಿದರು.

ಕಪ್ಪಾಗಿದ್ದ ದುಂಡು ಪದಕ. ಮೊಮ್ಮಗ ಹುಣಿಸೆಹಣ್ಣು ತರಲು ಎದ್ದ, ತಡೆದೆ. ಹಳೆಯ ಬೆಳ್ಳಿಯ ಕಪ್ಪು ಅದರ ವಯಸ್ಸಿನ ಸಾಕ್ಷಿ. ಹುಣಿಸೆಯಿಂದ ತಿಕ್ಕಿದರೆ ಹೊಳಪು ಬರುತ್ತದೆ, ಅಕ್ಷರ ಸವೆಯುತ್ತದೆ. ಇಂಥ ವಸ್ತು ಮನೆಯಲ್ಲಿರುವ ವಾಚಕರು ಇದೊಂದನ್ನು ನೆನಪಿಡಬೇಕು.

ಅದು ಬ್ರಿಟಿಷ್ ಯುದ್ಧ ಪದಕ. ಒಂದು ಬದಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಬದಿ ಕುದುರೆಯೇರಿದ ಬತ್ತಲೆ ವೀರ, 1914 ಮತ್ತು 1918 ಎಂಬ ವರ್ಷಗಳು. ಕುದುರೆಯ ಗೊರಸಿನ ಕೆಳಗೊಂದು ಗುರಾಣಿ. ಗುರಾಣಿಯ ಮೇಲೆ ಪ್ರಷ್ಯದ ಗರುಡ. ಮನೆಯವರು ದೇವರ ಗೂಡಿನಲ್ಲಿಟ್ಟಿದ್ದ ಜರ್ಮನ್ ಚಿಹ್ನೆ ಹುಸಿ. ಬಟ್ಟೆಯ ಗಂಟಿನಲ್ಲಿ ಮರೆತಿದ್ದುದರಲ್ಲಿ ನಿಜವಾದ ಜರ್ಮನ್ ಗರುಡ ತುಳಿಸಿಕೊಂಡು ಬಿದ್ದಿತ್ತು!

ಬೆಳ್ಳಿಯಲ್ಲಿ ಈ ಪದಕವನ್ನು ಸುಮಾರು 65 ಲಕ್ಷ ಹೊರಡಿಸಿದರು. ಆ ದೃಷ್ಟಿಯಿಂದ ಅದು ಅಪರೂಪದ್ದಲ್ಲ. ಆದರೆ ಅದರ ಅಂಚಿನಲ್ಲಿ ಪಡೆದವನ ಅಂಕೆ, ಹುದ್ದೆ, ಹೆಸರು, ಪಡೆ ಇಷ್ಟನ್ನೂ ಒತ್ತಿರುತ್ತಾರೆ. ಜರ್ಮನರ ಶಿಲುಬೆಯ ಮೇಲೆ ಸಾಮಾನ್ಯವಾಗಿ ಯಾರ ಹೆಸರೂ ಇಲ್ಲ. ಯಾರ ಕಥೆಯನ್ನು ಬೇಕಾದರೂ ಅದಕ್ಕೆ ಅಂಟಿಸಬಹುದು. ಈ ಬೆಳ್ಳಿಯ ಬಿಲ್ಲೆ ಹಾಗಲ್ಲ. 1979-80ರಲ್ಲಿ ಬೆಳ್ಳಿಯ ಬೆಲೆ ಏರಿದಾಗ ಇಂಥ ಪದಕಗಳು ಅಪಾರ ಸಂಖ್ಯೆಯಲ್ಲಿ ಕುಲುಮೆ ಸೇರಿದವು. ಹೋದ ಒಂದೊಂದು ಪದಕದೊಡನೆ ಒಬ್ಬೊಬ್ಬನ ಹೆಸರೂ ಕರಗಿತು.

ಹೆಸರನ್ನು ಅಳಿಸಿ ಬೇರೆ ಹೆಸರು ಒತ್ತುವ ಕೈಚಳಕವೂ ಉಂಟು. ಅರ ಹಾಕಿದರೆ ಅಂಚು ತೆಳುವಾಗುತ್ತದೆ. ಕೈವಾರದಿಂದ ನಾಲ್ಕು ಕಡೆ ಅಳೆದೆ. ಎಲ್ಲ ಕಡೆಯೂ 36 ಮಿಲಿಮೀಟರು. ಅಕ್ಷರಗಳು ಸಮನಾಗಿದ್ದವು. ಬಾಗಿಲ ಬೆಳಕಿಗೆ ಹಿಡಿದು ಓದಿದೆ. ಹೆಸರು ಅಜ್ಜಯ್ಯನದೇ. ಆದರೆ ಮುಂದಿನ ಅಕ್ಷರಗಳು ‘ಲ್ಯಾನ್ಸರ್ಸ್’ ಎನ್ನಲಿಲ್ಲ. ‘ಡ್ರೈವರ್, ಮೈಸೂರು ಟ್ರಾನ್ಸ್‌ಪೋರ್ಟ್ ಕೋರ್’ ಎಂದವು.

ಮೈಸೂರು ಸಂಸ್ಥಾನದ ಸಾಗಣೆ ಪಡೆ ಮೆಸೊಪೊಟೇಮಿಯದಲ್ಲಿ, ಎಂದರೆ ಇಂದಿನ ಇರಾಕಿನಲ್ಲಿ, ಕೆಲಸ ಮಾಡಿತ್ತು. ಹೇಸರಗತ್ತೆ ಕಟ್ಟಿದ ಗಾಡಿಗಳಲ್ಲಿ ರೊಟ್ಟಿಯ ಹಿಟ್ಟು, ನೀರು, ಗುಂಡುಮದ್ದನ್ನು ಮುಂದಿನ ಸಾಲಿಗೆ ಮುಟ್ಟಿಸುವುದು, ಹಿಂದಿರುಗುವಾಗ ಗಾಯಾಳುಗಳನ್ನು ಹೇರಿ ತರುವುದು, ಇದು ಇಂಥ ಪಡೆಗಳ ಕಾಯಕ. ಬೇಸಗೆಯಲ್ಲಿ ಬೆಂಕಿಯಂಥ ಬಿಸಿಲು, ಮಳೆಗಾಲದಲ್ಲಿ ಅಚ್ಚಿನವರೆಗೆ ಕೆಸರು, ಎಲ್ಲ ಕಾಲದಲ್ಲೂ ಜ್ವರ, ವಾಂತಿಭೇದಿ. ಆದರೆ ಗಾಡಿ ಹೊಡೆದವನ ಮೇಲೆ ಯಾರೂ ಲಾವಣಿ ಕಟ್ಟುವುದಿಲ್ಲ. ಹೈಫಾದಲ್ಲಿ ನಮ್ಮ ಅಜ್ಜಯ್ಯ ಇರಲಿಲ್ಲ.

ಮನೆಯವರು ಬೇಕೆಂದು ಸುಳ್ಳು ಹೇಳಿದರೇ? ಖಂಡಿತ ಇಲ್ಲ. ನನ್ನ ಮನಸ್ಸು ನಮ್ಮದೇ ಸೀಮೆಯ ಹಳೆಯ ಪ್ರಕರಣವೊಂದರ ಕಡೆಗೆ ಹೋಯಿತು. ಹಳೆಯ ಬಿದನೂರು ಸೀಮೆಯ ಗೌಜ ಅಗ್ರಹಾರದ ತಾಮ್ರಪಟವೊಂದು 19ನೆಯ ಶತಮಾನದ ಆರಂಭದಲ್ಲೇ ಪಂಡಿತರ ಕಣ್ಣಿಗೆ ಬಿತ್ತು. ಕೋಲ್‌ಬ್ರೂಕನಂಥ ದೊಡ್ಡ ವಿದ್ವಾಂಸ ಅದರ ವಿಚಾರ ಬರೆದ. ಅದನ್ನು ಕೊಟ್ಟವನು ಯಾರೆಂದರೆ ಪರೀಕ್ಷಿತನ ಮಗ, ಸರ್ಪಯಾಗ ಮಾಡಿದ ಜನಮೇಜಯ! ತೀರ್ಥಹಳ್ಳಿಯ ಬಳಿಯ ಭೀಮನಕಟ್ಟೆಯಲ್ಲೂ ಜನಮೇಜಯನ ಹೆಸರು ಹೊತ್ತ ಪಟವುಂಟು. ಪುರಾಣದ ದೊರೆಯ ರುಜು ನಮ್ಮ ಮಲೆನಾಡಿನಲ್ಲಿ ಸಿಕ್ಕಿತೆಂದರೆ ಯಾರಿಗೆ ತಾನೇ ಹಿಗ್ಗಾಗದು? ಗೌಜ ಪಟದಲ್ಲಿ ಸೂರ್ಯಗ್ರಹಣದ ಮಾತು ಬರುತ್ತದೆ. ಆ ವಿವರವನ್ನು ಇಂಗ್ಲೆಂಡಿನ ರಾಜಜ್ಯೋತಿಷಿ ಸರ್ ಜಾರ್ಜ್ ಏರಿಯವರ ಮುಂದಿಟ್ಟರು. ಗಣಿಸಿ ನೋಡಿದರೆ ಅದು ಹೊಂದಿದ್ದು 1521ರ ಏಪ್ರಿಲ್ 7ರ ಗ್ರಹಣಕ್ಕೆ. ಕುಂಕುಮದಡಿ 1939 ಅಡಗಿದ್ದ ಹಾಗೆ, ಶ್ಲೋಕಗಳ ಮರೆಯಲ್ಲಿ ಗ್ರಹಣವೊಂದು ಅಡಗಿ ಕುಳಿತಿತ್ತು.

ತಾಮ್ರಪಟವನ್ನು ಪರೀಕ್ಷಿಸುವ ಕ್ರಮವೂ ಪದಕವನ್ನು ಪರೀಕ್ಷಿಸುವ ಕ್ರಮವೂ ಮೂಲದಲ್ಲಿ ಒಂದೇ. ಲಿಪಿ ಆ ಕಾಲದ್ದೇ? ತಿಥಿ ವಾರಗಳು ಕೂಡುತ್ತವೆಯೇ? ವಂಶಾವಳಿ ಬೇರೆ ಶಾಸನಗಳಿಗೆ ಒಪ್ಪುತ್ತದೆಯೇ? ಮುದ್ರೆ ಸರಿಯಾಗಿದೆಯೇ? ಗಂಗರ ತಾಮ್ರಪಟಗಳ ವಿಚಾರದಲ್ಲಿ ಫ್ಲೀಟರು ಈ ಒರೆಗಲ್ಲುಗಳನ್ನು ಹಿಡಿದು ಅನೇಕವನ್ನು ಕೂಟಶಾಸನಗಳೆಂದರು, ರೈಸರು ಒಪ್ಪಲಿಲ್ಲ. ವಾದ ಬಹುಕಾಲ ನಡೆಯಿತು. ಕೂಟಶಾಸನ ಮಾಡಿಸಿದವರಲ್ಲಿ ಎಲ್ಲರೂ ಕಳ್ಳರೆಂದು ತಿಳಿಯಬೇಕಾಗಿಲ್ಲ. ಕೈಯಲ್ಲಿದ್ದ ನಿಜವಾದ ಭೂಮಿಗೆ ಕಾಗದಪತ್ರವಿಲ್ಲದೆ ದೊಡ್ಡ ಹೆಸರೊಂದರ ಆಸರೆ ಬಯಸಿದವರೂ ಇದ್ದಿರಬಹುದು. ಈ ಮನೆಯಲ್ಲೂ ನಿಜವಾದ ಸೈನಿಕನೊಬ್ಬನಿದ್ದ. ಅವನ ನಿಜವೇ ಸಾಲದೆಂದು ಯಾರಿಗೋ ತೋರಿತು, ಅಷ್ಟೆ.

ಯಾರಿಗೆಂಬುದೂ ತಿಳಿಯಿತು. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, “ಅಣ್ಣಯ್ಯ ಬೊಂಬಾಯಿಯಲ್ಲಿದ್ದ. ಒಂದು ಸಲ ಊರಿಗೆ ಬಂದಾಗ ಅಲ್ಲಿಯ ಹಳೇ ಸಾಮಾನಿನ ಬಜಾರಿನಿಂದ ಏನೇನೋ ತಂದಿದ್ದ. ಅಜ್ಜಯ್ಯ ಅಷ್ಟೊತ್ತಿಗೆ ಹೋಗಿಯಾಗಿತ್ತು,” ಎಂದರು. ಇನ್ನೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕಾಫಿ ಕುಡಿದು ಅಂಗಳಕ್ಕಿಳಿದೆವು. ತೋಟದ ಅಂಚಿನಲ್ಲಿ, ಹಲಸಿನ ಮರದ ಬುಡದಲ್ಲಿ, ಒಂದು ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದೆದುರು ಅವನು ಕೈಮುಗಿದು ಕುಳಿತಿದ್ದಾನೆ. ಅಕ್ಷರವಿದ್ದ ಪಟ್ಟಿ ಸವೆದಿತ್ತು.

ನಮ್ಮ ನಾಡಿನ ಯುದ್ಧಪದಕವೆಂದರೆ ಇದೇ ಅಲ್ಲವೆ? ಗೆದ್ದವನಿಗೆ ಬಿರುದು, ಕಾಲಿಗೆ ಪೆಂಡೆಯ. ಸತ್ತವನಿಗೆ ಕಲ್ಲು, ಅವನ ಮಕ್ಕಳಿಗೆ ನೆತ್ತರುಗೊಡಗೆಯ ಭೂಮಿ. ಕ್ರಿ. ಶ. 949ರ ತಕ್ಕೋಲದ ಕಾಳಗವನ್ನು ಹೇಳುವ ಆತಕೂರಿನ ಶಾಸನದಲ್ಲಿ ಬೂತುಗ ದೊರೆ ಮಣಲೇರನೆಂಬ ವೀರನಿಗೆ ಬಾಳ್ಗಚ್ಚು, ಅಂದರೆ ಕತ್ತಿ ತೊಳೆದ ಗೌರವದ ದತ್ತಿ, ಕೊಟ್ಟ ಸಂಗತಿಯಿದೆ. ಮೆಚ್ಚಿ ಏನು ಬೇಕೆಂದು ಕೇಳಿದರೆ ಆ ವೀರ ಕಾಳಿ ಎಂಬ ನಾಯಿಯನ್ನು ಬೇಡಿದನಂತೆ. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ವಸ್ತು ಸಂಗ್ರಹಾಲಯದಲ್ಲಿದೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿಗೆ ರೈಸರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟವನ್ನೇ ಮೀಸಲಿಟ್ಟರು. ಆ ಪುಟಗಳಲ್ಲಿ ದೊರೆಗಳಷ್ಟೇ ಅಲ್ಲ. ದನ ಬಿಡಿಸಲು ಹೋಗಿ ಸತ್ತವರು, ಊರಳಿವಿನಲ್ಲಿ ಕಾದಿ ಮಡಿದವರು ಇದ್ದಾರೆ.

“ಈ ಕಲ್ಲು ಮೊದಲಿನಿಂದ ಇಲ್ಲೇ ಇತ್ತೇ?” ಎಂದು ಕೇಳಿದೆ.

“ಇಲ್ಲ ಮೇಷ್ಟ್ರೆ. ಇದು ನಮ್ಮ ಹಳೇ ಊರಿನದು. ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತಲ್ಲ, ಆ ಊರು. ಹೊರಡುವಾಗ ಎಲ್ಲರೂ ಪಾತ್ರೆಪರಡಿ, ಜಂತಿ, ಹೆಂಚು ಹೇರುತ್ತಿದ್ದರೆ ಅಜ್ಜಯ್ಯ ಮಾತ್ರ ಗದ್ದೆಯ ಅಂಚಿನಿಂದ ಇದನ್ನು ಅಗೆದು ಗಾಡಿಗೆ ಹಾಕಿಸಿದ. ಎಪ್ಪತ್ತರ ಹತ್ತಿರದ ಮುದುಕ. ಅಪ್ಪಯ್ಯ ಬೈದ. ‘ಬೀರನನ್ನು ನೀರಿಗೆ ಬಿಟ್ಟು ಹೋಗೋದಾ?’ ಅಂತ ತಾನೇ ಗಾಡಿ ಹೊಡೆದ. ನಾನು ಹಿಂದಿನಿಂದ ಗಾಲಿಗೆ ಅಡೆ ಕೊಡುತ್ತ ಬಂದೆ.”

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿಗೆ ಹೋದವು. ನಾಡಿಗೆ ದೀಪ ಬಂತು. ಆ ಹಳ್ಳಿಗಳ ಗದ್ದೆಯಂಚಿನ ಹೆಸರಿಲ್ಲದ ವೀರರ ಲೆಕ್ಕ ಇಟ್ಟವರು ಕಡಮೆ. ಕೆಳದಿಯಲ್ಲಿ ಗುಂಡಾ ಜೋಯಿಸರಂಥವರು ಮನೆಮನೆ ತಿರುಗಿ ಓಲೆ, ಕಾಗದ, ಆಯುಧಗಳನ್ನು ಕೂಡಿಸದಿದ್ದರೆ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣಕ್ಕೆ ಒಂದಷ್ಟು ಕಲ್ಲುಗಳು ಬಂದು ಸೇರದಿದ್ದರೆ, ಉಳಿದದ್ದೂ ಉಳಿಯುತ್ತಿರಲಿಲ್ಲ. ಈ ಒಂದು ಕಲ್ಲನ್ನು ಉಳಿಸಿದ್ದು ಇಲಾಖೆಯಲ್ಲ. ಮೆಸೊಪೊಟೇಮಿಯದಲ್ಲಿ ಗಾಡಿ ಹೊಡೆದು ಬಂದ ಮುದುಕ.

ನನಗೆ ಹೇಳಬೇಕಾದ ಮಾತು ಆಗ ಸಿಕ್ಕಿತು. “ಯಜಮಾನರೆ, ಅಜ್ಜಯ್ಯ ಕುದುರೆ ಸವಾರರಲ್ಲ. ಯಾರ ಎದೆಯಿಂದಲೂ ಪದಕ ಕೀಳಲಿಲ್ಲ. ಯುದ್ಧದಲ್ಲಿ ಗಾಡಿ ಹೊಡೆದರು. ಊರು ಮುಳುಗುವಾಗಲೂ ಗಾಡಿ ಹೊಡೆದರು. ಎರಡಕ್ಕೂ ಸಾಕ್ಷಿ ಇದೆ. ಒಂದು ಆ ಬಿಲ್ಲೆ, ಇನ್ನೊಂದು ಈ ಕಲ್ಲು. ನಾನು ಬರೆದದ್ದೇ ತಪ್ಪು,” ಎಂದೆ.

ಮೊಮ್ಮಗನಿಗೆ ಬೇಸರವಾಯಿತು, ಬಾರದೆ ಇದ್ದೀತೆ? ಓದಿನ ಹಣದ ಪ್ರಶ್ನೆ ಹಾಗೆಯೇ ಉಳಿಯಿತು. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಮನಬಂದಂತೆ ಹೊರದೇಶಕ್ಕೆ ಮಾರುವಂತಿಲ್ಲವೆಂಬ 1972ರ ಕಾಯಿದೆಯನ್ನೂ, ಬಿಲ್ಲೆಯನ್ನು ತೂಕಕ್ಕೆ ಕೊಡಬೇಡಿರೆಂದೂ ಹೇಳಿದೆ. ಯಜಮಾನರು ಮಾತ್ರ ಬೆಳ್ಳಿಯ ಪದಕವನ್ನು ಕೈಯಲ್ಲಿ ಹಿಡಿದು, ಓದಲು ಬಾರದ ಆ ಇಂಗ್ಲಿಷ್ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸುತ್ತ, “ಇದರಲ್ಲಿ ಅವನ ಹೆಸರು ಎಲ್ಲಿಂದ ಎಲ್ಲಿಗೆ, ಒಂದು ಸಲ ತೋರಿಸಿ ಮೇಷ್ಟ್ರೆ,” ಎಂದರು. ತೋರಿಸಿದೆ.

ಅವರು ಕೇಳಿದ್ದ ಎರಡು ಸಾಲನ್ನು ಬರೆದುಕೊಟ್ಟೆ: ಶಿಲುಬೆ ಹುಸಿ; ಬೆಳ್ಳಿಯ ಪದಕ ಅಸಲಿ, ಪಡೆದವರ ಹೆಸರು ಮತ್ತು ಪಡೆ ಅಂಚಿನಲ್ಲಿ ಸ್ಪಷ್ಟವಾಗಿದೆ. ಗೋಡೆಯ ಮೇಲಿನ ಗಾಜಿನ ಹಾಳೆಯನ್ನು ಕೆಳಗಿಳಿಸಿರೆಂದು ಬೇಡಿಕೊಂಡೆ. ಅವರು ನಕ್ಕು, “ಇರಲಿ ಬಿಡಿ, ಅದೂ ಹಳೇದಾಯ್ತಲ್ಲ,” ಎಂದರು. ಅವರು ಬಿಟ್ಟರೂ ನಾನು ಬಿಡುವಂತಿಲ್ಲ. ಆ ಲೇಖನದಲ್ಲಿ ಹೈಫಾದ ವಿಚಾರವಾಗಿ ನಾನು ಬರೆದದ್ದು ಆ ಮನೆಯ ಮಟ್ಟಿಗೆ ಸತ್ಯವಲ್ಲವೆಂದು ಇಲ್ಲಿ ಒಪ್ಪಿಕೊಂಡಿದ್ದೇನೆ.